ಟ್ರಸ್ಟ್ ಕಟ್ಟಲು ನಮ್ಮೂರಿಗೆ ಬರುವ ಮಕ್ಕಳ ಅಪ್ಪ-ಅಮ್ಮನಿಗೆ

ನಮಸ್ಕಾರ.

ಬೆಂಗಳೂರು, ಪುಣೆ, ಮುಂಬೈ ಕಡೆಯಿಂದ ಮಗನನ್ನೋ ಮಗಳನ್ನೋ ಕಾರಿನಲ್ಲಿ ಕೂರಿಸಿಕೊಂಡು, ಗೋಕರ್ಣದಲ್ಲಿ ರೂಮ್ ಮಾಡಿ, ಮರುದಿನ ಬೆಳಿಗ್ಗೆ ನಮ್ಮ ಹಳ್ಳಿಯ ಸರ್ಕಾರಿ ಶಾಲೆಗೆ ಬ್ಯಾನರ್ ಸಮೇತ ಬರುವ ಅಪ್ಪ-ಅಮ್ಮಂದಿರಿಗೆ ಈ ಪತ್ರ. ಮಕ್ಕಳೂ ಓದಲಿ. ಅವರಿಗೆ ಕನ್ನಡ ಓದಲು ಬರದಿದ್ದರೆ ನೀವೇ ಓದಿ ಹೇಳಿ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಕುಮಟಾ ತಾಲೂಕಿನಲ್ಲಿ ನನ್ನದೊಂದು ಫ್ಲೆಕ್ಸ್, ಝೆರಾಕ್ಸ್, ಲ್ಯಾಮಿನೇಶನ್ ಅಂಗಡಿ. ನಮ್ಮೂರ ಶಾಲೆಯ ಎಸ್‌ಡಿಎಂಸಿಯಲ್ಲೂ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲೂ, ಇದ್ದೇನೆ. ಹಾಗಾಗಿ ನಿಮ್ಮ ಮಕ್ಕಳ ಸೇವೆ ನನಗೆ ಎರಡೂ ಕಡೆಯಿಂದ ಕಾಣುತ್ತದೆ. ಬ್ಯಾನರ್ ಪ್ರಿಂಟ್ ಮಾಡುವವನೂ ನಾನೇ, ಆ ಬ್ಯಾನರ್ ಹಿಂದೆ ಸಾಲಾಗಿ ನಿಲ್ಲುವ ಮಕ್ಕಳ ಪಾಲಕನೂ ನಾನೇ. ವ್ಯಾಪಾರದ ಲೆಕ್ಕದಲ್ಲಿ ಈ ಪತ್ರ ನನಗೆ ನಷ್ಟ. ಇರಲಿ.

ಅಮೆರಿಕದ ಕಾಲೇಜುಗಳು ಸೀಟು ಕೊಡುವಾಗ ಮಾರ್ಕ್ಸ್ ಜೊತೆಗೆ ಹೊರಗಿನ ಚಟುವಟಿಕೆಯನ್ನೂ ನೋಡುತ್ತವೆ, ನಿಮ್ಮ ಮಕ್ಕಳು ನಮ್ಮೂರಿಗೆ ಬರುವುದು ಅದಕ್ಕೇ. "ಇವರೆಲ್ಲ ಅಮೆರಿಕದ ಸೀಟಿಗೋಸ್ಕರ ಸಮಾಜಸೇವೆಯ ನಾಟಕ ಮಾಡ್ತಾರೆ" ಅಂತ ಬೈಯಲು ನಾನು ಕೂತಿಲ್ಲ. ಹಾಗೆ ಬೈಯುವವರು ನಮ್ಮೂರಲ್ಲೂ ಇದ್ದಾರೆ, ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇರಬಹುದು. ನನಗೆ ಅದು ಅಷ್ಟು ದೊಡ್ಡ ವಿಷಯ ಅನಿಸುವುದಿಲ್ಲ. ದೇವಸ್ಥಾನಕ್ಕೆ ಒಂದು ಟ್ಯೂಬ್‌ಲೈಟ್ ಕೊಟ್ಟು ಅದರ ಪಟ್ಟಿಯ ಮೇಲೆ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರ ಹೆಸರು ಬರೆಸುವ ಜನ ನಾವು. ಆ ಸ್ಟಿಕ್ಕರ್ ಕತ್ತರಿಸಿ ಕೊಡುವವನೂ ನಾನೇ. ಹೆಸರಿನ ಆಸೆಗೇ ಕೊಟ್ಟಿರಲಿ, ಲೈಟು ಉರಿದರೆ ಆಯ್ತಲ್ಲ. ಹದಿನಾರು ವರ್ಷದ ಹುಡುಗನ ಮನಸ್ಸಿನಲ್ಲಿ ಕಾಲೇಜಿನ ಆಸೆ ಎಷ್ಟು, ಕನಿಕರ ಎಷ್ಟು ಅಂತ ಅಳೆಯಲು ಯಾರಿಂದ ಆಗುತ್ತದೆ? ಅವನಿಗೇ ಗೊತ್ತಿರುವುದಿಲ್ಲ. ನಲವತ್ತು ದಾಟಿದ ನನಗೇ, ನಾನು ಎಸ್‌ಡಿಎಂಸಿಗೆ ಯಾಕೆ ಸೇರಿದೆ ಅಂತ ಪೂರ್ತಿ ಗೊತ್ತಿಲ್ಲ.

ನನ್ನ ತಕರಾರು ಬೇರೆ. ಬರುವ ಪ್ರತಿಯೊಂದು ಮಗುವೂ ಒಂದೊಂದು ಹೊಸ ಸಂಸ್ಥೆ ಯಾಕೆ ಹುಟ್ಟಿಸಬೇಕು?

ನಮ್ಮ ಶಾಲೆ ಚಿಕ್ಕದು. ಅದಕ್ಕೇ ಇಷ್ಟು ಜನ ಉದ್ಧಾರಕರು ಬಂದುಹೋಗಿದ್ದಾರೆ. ಪ್ರತಿಯೊಂದಕ್ಕೂ ಒಂದು ಇಂಗ್ಲಿಷ್ ಹೆಸರು, ಒಂದು ಲೋಗೋ, ಲೋಗೋದಲ್ಲಿ ಎರಡು ಕೈ ಇಲ್ಲವೇ ಒಂದು ಎಲೆ. ಕೆಳಗೆ ಒಂದು ಮಗುವಿನ ಹೆಸರು, ಅದರ ಮುಂದೆ ಸ್ಥಾಪಕ ಮತ್ತು ಸಿಇಒ. ಪ್ರೂಫ್ ತೋರಿಸಿದರೆ ನಿಮ್ಮ ಮೊದಲ ಮಾತು, ಸ್ಥಾಪಕ ಅನ್ನುವುದು ಸ್ವಲ್ಪ ದೊಡ್ಡದಾಗಲಿ. ನಾನು ದೊಡ್ಡದು ಮಾಡಿ ಕೊಡುತ್ತೇನೆ. ಚದರ ಅಡಿಗೆ ದುಡ್ಡು, ಅಕ್ಷರ ದೊಡ್ಡದಾದರೆ ನನಗೇನು. ಕಾರ್ಯಕ್ರಮ ಮುಗಿದ ಮೇಲೆ ಆ ಬ್ಯಾನರ್‌ಗಳು ಎಲ್ಲಿ ಹೋಗುತ್ತವೆ ಅಂತ ನಿಮಗೆ ಗೊತ್ತಾ? ಒಂದನ್ನೂ ನಾವು ಬಿಸಾಡಿಲ್ಲ. ಕಟ್ಟಿಗೆ ರಾಶಿಗೆ ಹೊದೆಸಿದ್ದೇವೆ. ಬಚ್ಚಲ ಮನೆಗೆ ಮರೆ ಕಟ್ಟಿದ್ದೇವೆ. ನಿಮ್ಮ ಮಕ್ಕಳ ನಗುಮುಖ ನಮ್ಮೂರಲ್ಲಿ ಎರಡು ಮಳೆಗಾಲ ಬಾಳಿಕೆ ಬರುತ್ತದೆ, ಅಷ್ಟು ಒಳ್ಳೆಯ ಫ್ಲೆಕ್ಸ್ ಹಾಕುತ್ತೇನೆ ನಾನು.

ನೀವು ಬರುವ ಕಾಲವೂ ಒಂದು ವಿಚಿತ್ರ. ನಿಮ್ಮ ಮಕ್ಕಳ ಇಂಟರ್‌ನ್ಯಾಷನಲ್ ಶಾಲೆಗಳಿಗೆ ಜೂನ್-ಜುಲೈ ರಜೆ. ನಮ್ಮ ಸರ್ಕಾರಿ ಶಾಲೆಗೆ ಏಪ್ರಿಲ್-ಮೇ. ಹಾಗಾಗಿ ನೀವು ಸರಿಯಾಗಿ ಮಳೆ ಹಿಡಿದಾಗ ಬರುತ್ತೀರಿ. ಬೆಳಿಗ್ಗೆ ಎದ್ದ ಕೂಡಲೇ ಡಿಸಿ ರಜೆ ಕೊಟ್ಟರೋ ಇಲ್ಲವೋ ಅಂತ ಮೊಬೈಲ್ ನೋಡುವ ತಿಂಗಳು ಅದು. ಕರೆಂಟ್ ಹೋದರೆ ಯಾವಾಗ ಬರುತ್ತದೆ ಹೇಳಲಿಕ್ಕಾಗದು. ಗದ್ದೆಯಲ್ಲಿ ನಾಟಿ ನಡೆದಿರುತ್ತದೆ, ಶಾಲೆಯಲ್ಲಿ ಪಾಠ ಈಗಷ್ಟೇ ಶುರುವಾಗಿರುತ್ತದೆ, ಯೂನಿಫಾರ್ಮ್ ಒಣಗಿರುವುದಿಲ್ಲ, ಅಂಥ ದಿನ ಅಕ್ಕೋರು ಪಾಠ ಬಿಟ್ಟು ಮಕ್ಕಳನ್ನು ಸಾಲು ನಿಲ್ಲಿಸಬೇಕು, ಬಿಸಿಯೂಟದ ಅಕ್ಕ ಪಾತ್ರೆ ಇಳಿಸಿ ನಿಮಗೆ ಚಾ ಮಾಡಬೇಕು, ಆಮೇಲೆ ನಿಮ್ಮ ಫೋಟೋದವರು ಬೆಳಕು ಸಾಲದು ಅಂತ ಎಲ್ಲರನ್ನೂ ಅಂಗಳಕ್ಕೆ ಕರೆಯಬೇಕು. ಅಂಗಳದಲ್ಲಿ ಮಳೆ.

ಮತ್ತೆ ನವೆಂಬರ್. ಅಮೆರಿಕದ ಕಾಲೇಜುಗಳಿಗೆ ಮೊದಲ ಸುತ್ತಿನ ಅರ್ಜಿಗೆ ಸಾಮಾನ್ಯವಾಗಿ ನವೆಂಬರ್ 1 ಕೊನೆ, ಉಳಿದವಕ್ಕೆ ಬಹಳಷ್ಟು ಕಡೆ ಜನವರಿ ಮೊದಲ ವಾರ. ಈ ತಾರೀಕುಗಳನ್ನು ನಾನು ಬಾಯಿಪಾಠ ಮಾಡಿದ್ದು ಯಾಕೆಂದರೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೆಡ್ ಮಾಸ್ತರರಿಗೆ ದಿನಕ್ಕೊಂದು ಫೋನ್ ಬರುತ್ತದೆ. ಒಂದು ಪತ್ರ ಬೇಕಿತ್ತು ಸರ್, ಎಷ್ಟು ಮಕ್ಕಳಿಗೆ ಅನುಕೂಲ ಆಯ್ತು ಅಂತ ಸಂಖ್ಯೆ ಹಾಕಿ ಕೊಡಿ ಸರ್. ಜನವರಿ ಕಳೆದ ಮೇಲೆ ನಾವು ಫೋನ್ ಮಾಡಿದರೆ ಎತ್ತುವವರಿಲ್ಲ.

ಒಬ್ಬ ಹುಡುಗ ಅಂಥ ಪತ್ರ ಸ್ಕ್ಯಾನ್ ಮಾಡಿಸಲು ಅಂಗಡಿಗೆ ಬಂದಿದ್ದ. ಒಳ್ಳೆಯ ಹುಡುಗ, ಮಾತಿಗೆ ಸಿಗುವವನು. ನಾನು ಕುತೂಹಲಕ್ಕೆ ಕೇಳಿದೆ, ಲ್ಯಾಪ್‌ಟಾಪಿನಲ್ಲಿ ಫಾರ್ಮೇ ತೋರಿಸಿದ. ಕಾಮನ್ ಆ್ಯಪ್ ಅಂತ ಹೆಸರು. ಒಂದೇ ಅರ್ಜಿ ತುಂಬಿದರೆ ಬೇಕಾದಷ್ಟು ಕಾಲೇಜುಗಳಿಗೆ ಹೋಗುತ್ತದೆ. ಅದರಲ್ಲಿ ಚಟುವಟಿಕೆಗಳಿಗೆ ಅಂತ 10 ಖಾನೆ. ಒಂದೊಂದರಲ್ಲೂ ಏನು ಮಾಡಿದೆ ಅಂತ ಬರೆಯಲು 150 ಅಕ್ಷರದ ಜಾಗ, ಖಾಲಿ ಜಾಗವೂ ಸೇರಿ. ಹುದ್ದೆ ಬರೆಯಲು 50. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತಲೂ ಕೇಳುತ್ತಾರೆ.

ನಾನು ಬ್ಯಾನರ್ ಮಾಡುವವನು. ಜಾಗ ಕಮ್ಮಿ ಇದ್ದಾಗ ಯಾವ ಮಾತು ಉಳಿಯುತ್ತದೆ, ಯಾವುದು ಹೋಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಸ್ಥಾಪಕ ಅನ್ನುವುದು ಉಳಿಯುತ್ತದೆ. ಸಂಖ್ಯೆ ಉಳಿಯುತ್ತದೆ. ಪ್ರತಿ ಶನಿವಾರ ಬಂದು ಹರಿದ ಪುಸ್ತಕಕ್ಕೆ ರಟ್ಟು ಹಾಕಿದೆ ಅನ್ನುವುದು ಹೋಗುತ್ತದೆ. ಆ ಖಾನೆ ನೋಡಿದ ಮೇಲೆ ನಿಮ್ಮ ಮಕ್ಕಳ ಮೇಲಿದ್ದ ಸಿಟ್ಟು ನನಗೆ ಅರ್ಧ ಇಳಿಯಿತು. ಅವರು ಖಾನೆಗೆ ತಕ್ಕ ಹಾಗೆ ಕೆಲಸ ಮಾಡುತ್ತಿದ್ದಾರೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮೇಲೆ ಒಂದು ದೊಡ್ಡ ಕೇಸು ನಡೆದು 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ನೆನಪಿರಬಹುದು. ಆ ಕೇಸು ಇದ್ದದ್ದು ಸೀಟು ಕೊಡುವಾಗ ಜನಾಂಗ ನೋಡಬಹುದಾ ಅನ್ನುವ ವಿಷಯಕ್ಕೆ. ಆದರೆ ವಿಚಾರಣೆಯಲ್ಲಿ ಒಳಗಿನ ಪದ್ಧತಿಯೂ ಹೊರಗೆ ಬಂತು. ಓದಿಗೆ ಒಂದು ಅಂಕ, ಆಟಕ್ಕೆ ಒಂದು, ವ್ಯಕ್ತಿತ್ವಕ್ಕೆ ಒಂದು, ಹೊರಗಿನ ಚಟುವಟಿಕೆಗೇ ಬೇರೆ ಒಂದು ಅಂಕ. ಅಂಕ ಇದೆ ಅಂದ ಮೇಲೆ ಟ್ಯೂಷನ್ ಹುಟ್ಟದೇ ಇರುತ್ತದಾ? ಎಸ್‌ಎಸ್‌ಎಲ್‌ಸಿಗೆ ಗೈಡ್ ಇದ್ದ ಹಾಗೆ ಇದಕ್ಕೆ ಕೌನ್ಸೆಲರ್. ಒಂಬತ್ತನೇ ಕ್ಲಾಸಿನಿಂದಲೇ ಪ್ರೊಫೈಲ್ ಕಟ್ಟಬೇಕು ಅನ್ನುವ ಮಾತನ್ನು ನನ್ನ ಅಂಗಡಿಯಲ್ಲೇ ಎಷ್ಟೋ ಸಲ ಕೇಳಿದ್ದೇನೆ.

ಕೌನ್ಸೆಲರ್ ಅಂದೆನಲ್ಲ, 2019ರಲ್ಲಿ ಅಮೆರಿಕದಲ್ಲಿ ಒಬ್ಬ ಸಿಕ್ಕಿಬಿದ್ದ. ರಿಕ್ ಸಿಂಗರ್ ಅಂತ. ಶ್ರೀಮಂತರ ಮಕ್ಕಳಿಗೆ ಸುಳ್ಳು ಪರೀಕ್ಷೆ ಬರೆಸುವುದು, ಆಟವೇ ಆಡದವರನ್ನು ಆಟಗಾರರ ಕೋಟಾದಲ್ಲಿ ಸೇರಿಸುವುದು ಅವನ ಕಸುಬು. ಪಾಲಕರು ಕೊಟ್ಟ ಲಂಚ ಎಲ್ಲಿಗೆ ಹೋಗುತ್ತಿತ್ತು ಗೊತ್ತಾ? ಅವನದೇ ಒಂದು ಚಾರಿಟಿಗೆ. ಬಡ ಮಕ್ಕಳ ಓದಿಗೆ ಅಂತ ಕಾಗದದ ಮೇಲೆ ಬರೆದುಕೊಂಡಿದ್ದ ಸಂಸ್ಥೆ ಅದು. ಲಂಚಕ್ಕೆ ದೇಣಿಗೆ ರಸೀದಿ! 2023ರ ಜನವರಿಯಲ್ಲಿ ಅವನಿಗೆ ಮೂರೂವರೆ ವರ್ಷ ಜೈಲಾಯಿತು. ನೀವು ಅವನ ಹಾಗೆ ಅಂತ ನಾನು ಹೇಳುತ್ತಿಲ್ಲ, ಖಂಡಿತ ಇಲ್ಲ. ಸೀಟಿಗೂ ಚಾರಿಟಿಗೂ ನಂಟು ಬೆಳೆದರೆ ಎಲ್ಲಿಯವರೆಗೆ ಹೋಗಬಹುದು ಅಂತ ತೋರಿಸಲು ಹೇಳಿದೆ.

ನಮ್ಮಲ್ಲಿ ಅಷ್ಟು ದೂರ ಹೋಗುವುದು ಬೇಡ, ಕಾಗದ ನೋಡಿದರೆ ಸಾಕು. ಹದಿನೆಂಟು ತುಂಬದವರ ಕರಾರು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಬ್ಯಾನರಿನಲ್ಲಿ ಸ್ಥಾಪಕ ಮಗ, ಟ್ರಸ್ಟ್ ಡೀಡಿನಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ, ಅಪ್ಪನ ಆಡಿಟರ್. ಬ್ಯಾಂಕ್ ಖಾತೆಗೆ ಸಹಿ ಅಪ್ಪನದು. ದೇಣಿಗೆ ಅಪ್ಪನ ಗೆಳೆಯರದು. 80ಜಿ ಮಾಡಿಸಿದ್ದರೆ ತೆರಿಗೆಯಲ್ಲೂ ಸ್ವಲ್ಪ ಉಳಿತಾಯ. ಇದೆಲ್ಲ ಕಾನೂನುಬದ್ಧವೇ. ಮಗ ಕಾಲೇಜಿಗೆ ಹೋದ ಮೇಲೆ ಆ ಟ್ರಸ್ಟನ್ನು ಯಾರು ನಡೆಸುತ್ತಾರೆ, ಲೆಕ್ಕಪತ್ರ ಯಾರು ಸಲ್ಲಿಸುತ್ತಾರೆ ಅಂತ ಒಬ್ಬರನ್ನಾದರೂ ಕೇಳಿ ನೋಡಿ. ನಾನು ಕೇಳಿದ್ದೇನೆ. "ನೋಡೋಣ" ಅನ್ನುತ್ತಾರೆ.

ಇನ್ನು ಕೆಲಸಕ್ಕೆ ಬರೋಣ. ಆನ್‌ಲೈನ್ ಇಂಗ್ಲಿಷ್ ಕ್ಲಾಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜುಲೈ, ನೆಟ್‌ವರ್ಕ್ ಇಲ್ಲ, ಮುಗಿಯಿತು. ಪ್ಯಾಡ್ ಹಂಚುವವರು ಬಂದರು. ಒಳ್ಳೆಯದೇ. ಹುಡುಗಿಯರಿಗೆ ಪ್ಯಾಡ್ ಕೊಡುವ ಸರ್ಕಾರದ ಶುಚಿ ಯೋಜನೆ ನಡುವೆ ಕೆಲವು ವರ್ಷ ನಿಂತಿದ್ದರಿಂದ ಹುಡುಗಿಯರಿಗೆ ನಿಜವಾಗಿ ತೊಂದರೆ ಇತ್ತು. ಆದರೆ ಹಂಚುವ ಹುಡುಗಿಯ ಜೊತೆ ಫೋಟೋದವನು ಬಂದಿದ್ದ. ಎಂಟನೇ ಕ್ಲಾಸಿನ ಮಕ್ಕಳು ಪ್ಯಾಕೆಟ್ ಹಿಡಿದು ನಗಬೇಕಂತೆ. ಅಕ್ಕೋರು ಆಗುವುದಿಲ್ಲ ಅಂದರು. ನಿಮ್ಮ ಮನೆ ಹುಡುಗಿಯನ್ನು ಹಾಗೆ ನಿಲ್ಲಿಸಿ ಫೋಟೋ ತೆಗೆದು ಪರದೇಶಕ್ಕೆ ಕಳಿಸಿದರೆ ನೀವು ಸುಮ್ನೆ ಇರುತ್ತೀರಾ? ಇನ್ನೊಂದು, ಬಳಸಿದ್ದನ್ನು ಎಲ್ಲಿ ಹಾಕಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಶಾಲೆಯ ಶೌಚಾಲಯದ ಬಾಗಿಲಿನ ಚಿಲಕ ಮುರಿದಿತ್ತು, ಅದನ್ನೂ ಯಾರೂ ನೋಡಲಿಲ್ಲ. ಒಂದು ಚಿಲಕ, ಒಂದು ಮುಚ್ಚಳದ ಡಬ್ಬಿ, ವಾರಕ್ಕೊಮ್ಮೆ ಅದನ್ನು ಖಾಲಿ ಮಾಡುವವರಿಗೆ ಸ್ವಲ್ಪ ಹಣ. ಇದನ್ನು ಕೊಟ್ಟರೆ 150 ಅಕ್ಷರದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಅಲ್ವಾ?

ಕಾಂಡ್ಲಾ ಗಿಡದ, ಅಂದರೆ ಮ್ಯಾಂಗ್ರೋವಿನ, ಕತೆ ಮಾತ್ರ ಪೂರ್ತಿ ಹೇಳಬೇಕು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳಲ್ಲಿ ಒಂದು ಅಂತ ಲೆಕ್ಕ. ಪತ್ರಿಕೆಯಲ್ಲಿ ಬಂತು, ಆ ಮಳೆಗಾಲದಲ್ಲೇ ಒಬ್ಬಳು ಹುಡುಗಿ ಪರಿಸರದ ಸಂಸ್ಥೆ ಕಟ್ಟಿಕೊಂಡು ಬಂದಳು. ಸಾವಿರ ಕಾಂಡ್ಲಾ ನೆಡುವುದು ಅವಳ ಗುರಿ. ಕಾಂಡ್ಲಾ ಒಳ್ಳೆಯ ಗಿಡವೇ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಟ್ಟೆ ಕೊರೆಯದಂತೆ ಹಿಡಿಯುತ್ತದೆ, ಮೀನು-ಸಿಗಡಿ ಮರಿಗಳಿಗೆ ಅದರ ಬೇರೇ ಆಸರೆ, ಅರಣ್ಯ ಇಲಾಖೆಯವರೂ ನೆಡುತ್ತಾರೆ. ಆದರೆ ಎಲ್ಲಿ ನೆಡಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಆ ಹುಡುಗಿಯ ತಂಡ ಫೋಟೋಕ್ಕೆ ಅನುಕೂಲ ಅಂತ ವಿಶಾಲವಾದ, ನೀರಿಳಿದಾಗ ಬಯಲಾಗುವ ಕೆಸರಿನಲ್ಲಿ ಸಾಲಾಗಿ ಊರಿತು. ಅದು ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ತೆಗೆಯುವ ಜಾಗ. ನೀರು ಇಳಿದ ಹೊತ್ತು ನೋಡಿ, ಸೊಂಟ ಬಗ್ಗಿಸಿ, ಕೈಯಿಂದ ಕೆಸರು ತಡವಿ ಬಳಚು ಆರಿಸಿ ಕುಮಟಾ ಪೇಟೆಗೆ ಒಯ್ಯುವ ಹೆಂಗಸರು ಅಲ್ಲಿದ್ದರು. ಅವರು ಬೇಡ ಅಂದರು. ಅಂದದ್ದು ಕನ್ನಡದಲ್ಲಿ, ಅದೂ ನಮ್ಮ ಕನ್ನಡದಲ್ಲಿ. ತಂಡದವರಿಗೆ ತಿಳಿಯಲಿಲ್ಲವೋ, ತಿಳಿದರೂ ಸಮಯ ಇರಲಿಲ್ಲವೋ. ಕಾರು ಹೋದ ಕೆಲವು ದಿನಕ್ಕೆ ಹೆಂಗಸರೇ ಗಿಡ ಕಿತ್ತು ದಂಡೆಯ ಹತ್ತಿರ, ಕಟ್ಟೆಯ ಬದಿಗೆ ಊರಿದರು. ಬಿಸಾಡಲು ಮನಸ್ಸಾಗಲಿಲ್ಲವಂತೆ. ಅದರಲ್ಲಿ ಸುಮಾರು ಗಿಡ ಬದುಕಿವೆ. ಈಗ ಹೇಳಿ, ಕಾಂಡ್ಲಾ ನೆಟ್ಟವರು ಯಾರು ಅಂತ ಆ ಖಾನೆಯಲ್ಲಿ ಬರೆಯಬೇಕು?

ಗಿಡದ ಮಾತು ಬಂದಾಗ ನಮ್ಮ ಜಿಲ್ಲೆಯವರಿಗೆ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ನೆನಪಾಗುತ್ತಾರೆ. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಕೆಲಸ ಶುರು ಮಾಡಿದವರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ತಾಯಿಮರ ಯಾವುದು ಅಂತ ದಶಕಗಳ ಕಾಲ ಕೈಯಿಂದ ಕಲಿತರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಹುದ್ದೆ ಬರೆಯಲು 50 ಅಕ್ಷರವೂ ಬೇಡ. ಕೂಲಿ. ನಿಮ್ಮ ಮಗ ಒಂದು ಮಳೆಗಾಲ ಅರಣ್ಯ ಇಲಾಖೆಯ ಯಾವುದಾದರೂ ನರ್ಸರಿಯಲ್ಲಿ ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಲಿ. ಅನುಮತಿ ಕೇಳಿ ನೋಡಿ, ಕೇಳಿದರೆ ಏನು ಹೋಗುತ್ತದೆ?

ಸಂಸ್ಥೆ ಕಟ್ಟುವುದೇ ತಪ್ಪು ಅನ್ನುವವನಲ್ಲ ನಾನು. ಈ ಜಿಲ್ಲೆಯಲ್ಲಿ ನಿಂತು ಹಾಗೆ ಅಂದರೆ ನಾಲಗೆ ಸುಟ್ಟೀತು. ದಿನಕರ ದೇಸಾಯಿಯವರು 1953ರಲ್ಲಿ ಅಂಕೋಲೆಯಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದ ಗಡಿಪಾರಾದ ಮನುಷ್ಯ ಅವರು. ಹೈಸ್ಕೂಲೇ ಇಲ್ಲದ ಊರುಗಳಲ್ಲಿ ಹೈಸ್ಕೂಲು ತೆರೆಯುತ್ತಾ ಹೋದರು. 1982ರಲ್ಲಿ ಅವರು ಹೋದರು, ಟ್ರಸ್ಟಿನ ಶಾಲೆಗಳು ಈಗಲೂ ಇವೆ. ಅಲ್ಲಿ ಓದಿದವರು ನನ್ನ ಅಂಗಡಿಗೆ ದಿನಾ ಬರುತ್ತಾರೆ. ದೇಸಾಯಿಯವರು ಟ್ರಸ್ಟ್ ಕಟ್ಟಿದ್ದು ಅಲ್ಲಿ ಏನೂ ಇರಲಿಲ್ಲ ಅಂತ. ಕಟ್ಟಿ ಬಿಟ್ಟುಹೋಗಲೂ ಇಲ್ಲ.

ಹುಡುಗರಿಂದ ಏನೂ ಆಗದು ಅಂತಲೂ ಹೇಳಲಾರೆ. 1983ರಲ್ಲಿ ಶಿರಸಿಯ ಸಾಲ್ಕಣಿ ಕಡೆ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ಕಡಿಯುವುದನ್ನು ನಿಲ್ಲಿಸಿದರಲ್ಲ, ಅಪ್ಪಿಕೋ ಚಳವಳಿ, ಅದರ ಹಿಂದೆ ಆ ಭಾಗದ ಯುವಕ ಮಂಡಳಿಯ ಹುಡುಗರು ಇದ್ದರು. ಅವರದೇ ಬೆಟ್ಟ, ಅವರದೇ ನೀರಿನ ಒರತೆ, ತೋಟಕ್ಕೆ ಸೊಪ್ಪು ತರುವುದು ಅಲ್ಲಿಂದಲೇ. ಹಾಗಾಗಿ ಎಲ್ಲಿ ಹಿಡಿಯಬೇಕು ಅಂತ ಅವರಿಗೆ ಗೊತ್ತಿತ್ತು. ನಿಮ್ಮ ಮಕ್ಕಳಿಗೂ ಅವರ ಬೀದಿಯಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ಮಕ್ಕಳು ಎಲ್ಲಿ ಓದುತ್ತಾರೆ? ಮನೆಗೆಲಸದ ಅಕ್ಕನ ಮಗಳಿಗೆ ಲೆಕ್ಕ ಯಾರು ಹೇಳಿಕೊಡುತ್ತಾರೆ? ಅದಕ್ಕೆ ಐನೂರು ಕಿಲೋಮೀಟರ್ ಡ್ರೈವ್ ಬೇಡ. ಗೋಕರ್ಣ ತಪ್ಪಿಹೋಗುತ್ತದೆ, ಅಷ್ಟೇ.

ಇದು ನನ್ನ ಸ್ವಂತ ತಲೆಯ ಮಾತಲ್ಲ. 2016ರಲ್ಲಿ ಹಾರ್ವರ್ಡಿನ ಶಿಕ್ಷಣ ವಿಭಾಗದಿಂದಲೇ ಒಂದು ವರದಿ ಬಂತು, ಬೇರೆ ಎಷ್ಟೋ ಕಾಲೇಜುಗಳ ಅಡ್ಮಿಷನ್‌ನವರು ಅದಕ್ಕೆ ಒಪ್ಪಿಗೆ ಹಾಕಿದರು. ದೂರದ ಊರಿಗೆ ಹೋಗಿ ಮಾಡುವ ಚಮಕ್ಕಿನ ಸೇವೆ ಬೇಡ, ಹತ್ತಿರದ್ದು ಮಾಡಿ, ಕನಿಷ್ಠ ಒಂದು ವರ್ಷ ಬಿಡದೆ ಮಾಡಿ, ಉದ್ದ ಪಟ್ಟಿ ಬೇಡ ಅಂತ ಅದರಲ್ಲಿದೆ. ಇನ್ನೊಂದು ಮಾತೂ ಇದೆ. ತಮ್ಮ-ತಂಗಿಯರನ್ನು ನೋಡಿಕೊಳ್ಳುವ, ದುಡಿದು ಮನೆಗೆ ಕೊಡುವ ಮಕ್ಕಳ ಕೆಲಸವನ್ನೂ ಸೇವೆಯಷ್ಟೇ ದೊಡ್ಡದಾಗಿ ನೋಡಬೇಕು. ಆ ಹುಡುಗ ತೋರಿಸಿದ ಫಾರ್ಮಿನಲ್ಲೂ ಕುಟುಂಬದ ಜವಾಬ್ದಾರಿ ಅಂತ ಒಂದು ಬಗೆ ಇತ್ತು. ನಾನು ನೋಡಿ ದಂಗಾದೆ. ನಮ್ಮ ಶಾಲೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳ ಅಮ್ಮ ಬೆಳಗಿನ ಜಾವ ಬಂದರಿಗೆ ಹೋಗಿ ಮೀನು ಕೊಂಡು ಪೇಟೆಯಲ್ಲಿ ಮಾರಲು ಕೂರುತ್ತಾಳೆ. ಅನ್ನ ಮಾಡಿ, ತಮ್ಮನಿಗೆ ಸ್ನಾನ ಮಾಡಿಸಿ, ಹಾಸಿಗೆ ಹಿಡಿದ ಅಜ್ಜಿಗೆ ಊಟ ಕೊಟ್ಟು ಇವಳು ಶಾಲೆಗೆ ಬರುತ್ತಾಳೆ. ವಾರಕ್ಕೆ ಎಷ್ಟು ಗಂಟೆ? ವರ್ಷಕ್ಕೆ ಎಷ್ಟು ವಾರ? ನಿಮ್ಮ ಮಗಳ ಫೋಟೋದಲ್ಲಿ ಇವಳು ಎರಡನೇ ಸಾಲಿನಲ್ಲಿ, ಬಿಸ್ಕತ್ ಪ್ಯಾಕೆಟ್ ಹಿಡಿದು ನಿಂತಿದ್ದಾಳೆ. ಫಲಾನುಭವಿ.

ಇವಳು ಮುಂದೆ ಪಿಯುಸಿ ಮಾಡಿದರೂ ಆ ಫಾರ್ಮ್ ತುಂಬುವುದಿಲ್ಲ. ಇಂಜಿನಿಯರಿಂಗ್ ಬೇಕು ಅಂದರೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ಮೆಡಿಕಲ್ ಅಂದರೆ ನೀಟ್. ಅಜ್ಜಿಗೆ ಊಟ ಕೊಟ್ಟಿದ್ದಕ್ಕೆ ಅರ್ಧ ಮಾರ್ಕೂ ಇಲ್ಲ. ಇದೇ ನ್ಯಾಯ ಅಂತ ವಾದ ಮಾಡುವವರಿದ್ದಾರೆ. ಪರೀಕ್ಷೆಗೆ ಟ್ರಸ್ಟ್ ಕಟ್ಟುವ ಹಾಗಿಲ್ಲ, ನಿಜ. ಅನ್ನ ಮಾಡುವ ಕೈಗೆ ಪುಸ್ತಕ ಹಿಡಿಯಲು ಸಮಯ ಸಿಗುವುದಿಲ್ಲ ಅನ್ನುವುದೂ ನಿಜ. ನನಗೆ ಇದಕ್ಕೆ ಉತ್ತರ ತೋಚಿಲ್ಲ. ಈಗ ನಮ್ಮ ದೇಶದಲ್ಲೂ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಪ್ರಬಂಧ ಬರೆಸುತ್ತವೆ, ಚಟುವಟಿಕೆ ಕೇಳುತ್ತವೆ. ಹಾಗಾಗಿ ಬ್ಯಾನರ್ ಆರ್ಡರ್ ಜಾಸ್ತಿಯಾಗುವುದೇ ಹೊರತು ಕಮ್ಮಿಯಾಗುವುದಿಲ್ಲ ಅಂತ ನನ್ನ ಅಂದಾಜು.

ಸರ್ಟಿಫಿಕೇಟಿನ ಆಸೆಗೆ ಬಂದು ಒಳ್ಳೆಯ ಕೆಲಸ ಮಾಡಿಹೋದವರನ್ನು ನಾವು ನೋಡಿಲ್ಲವಾ? ಎನ್‌ಎಸ್‌ಎಸ್ ಹುಡುಗರು ಮತ್ತೇನು? 1969ರಿಂದ ನಡೆಯುತ್ತಿದೆ ಅದು. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಒಂದು ಹಳ್ಳಿಯಲ್ಲಿ ಏಳು ದಿನದ ಶಿಬಿರ. ನಾನೂ ಹೋಗಿದ್ದೆ, ನನಗೂ ಸರ್ಟಿಫಿಕೇಟ್ ಬೇಕಿತ್ತು, ಜೊತೆಗೆ ಶಿಬಿರದಲ್ಲಿ ರಾತ್ರಿ ಹಾಡು-ನಾಟಕ ಇರುತ್ತದೆ ಅಂತ. ಆದರೂ ರಸ್ತೆ ಬದಿಯ ಚರಂಡಿ ತೆಗೆದೆವು, ಇಂಗುಗುಂಡಿ ತೋಡಿದೆವು. ನಮ್ಮಲ್ಲಿ ಯಾರೂ ಸ್ಥಾಪಕರಿರಲಿಲ್ಲ, ನಾಯಕ ಅಂತ ಒಬ್ಬ ಇದ್ದ, ಅವನು ಅನ್ನ ಬಡಿಸುವುದರಲ್ಲಿ ನಾಯಕ. ನಾವು ಬಿಟ್ಟುಬಂದ ಮೇಲೆ ಮುಂದಿನ ಬ್ಯಾಚ್ ಬಂತು. ಇದೇ ದೊಡ್ಡ ವ್ಯತ್ಯಾಸ. ನಿಮ್ಮ ಮಗನ ಟ್ರಸ್ಟಿಗೆ ಮುಂದಿನ ಬ್ಯಾಚ್ ಇಲ್ಲ. ಪಕ್ಕದ ಫ್ಲ್ಯಾಟಿನ ಹುಡುಗಿ ಇವನು ಬಿಟ್ಟ ಕೆಲಸ ಹಿಡಿಯುವುದಿಲ್ಲ, ಹಿಡಿದರೆ ಅವಳು ಸ್ಥಾಪಕಿ ಆಗುವುದಿಲ್ಲ. ಹಾಗಾಗಿ ಅವಳು ತನ್ನದೇ ಲೋಗೋ ತರುತ್ತಾಳೆ, ಇನ್ನೊಂದು ಲೈಬ್ರರಿ ಉದ್ಘಾಟನೆ ಆಗುತ್ತದೆ, ನಮ್ಮಲ್ಲಿ ಬೀಗ ಹಾಕಿದ ಪುಸ್ತಕದ ಕಪಾಟು ಮತ್ತೊಂದು ಹೆಚ್ಚುತ್ತದೆ. ಪಂಚಾಯತಿಯ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ, ನೂರು ಹೆಜ್ಜೆಯಲ್ಲೇ ಇದೆ. ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ.

2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಗಂಗಾವಳಿಯ ಆಚೆ ದಡದ ಉಳುವರೆಯಲ್ಲಿ ಮನೆಗಳೇ ಹೋದವು. ಆ ವಾರ ಕಿಟ್ ಹಂಚುತ್ತೇವೆ ಅಂತ ನನ್ನ ಅಂಗಡಿಗೆ ಬಂದವರಲ್ಲಿ ಕೆಲವರು ಅಕ್ಕಿ ಖರೀದಿಸುವ ಮೊದಲೇ ಬ್ಯಾನರ್ ಅಳತೆ ಕೊಟ್ಟರು. ಅವರೆಲ್ಲ ಮಕ್ಕಳಲ್ಲ, ದೊಡ್ಡವರೇ. ಮಕ್ಕಳು ನಮ್ಮಿಂದಲೇ ಕಲಿಯುವುದು, ಅದಕ್ಕೇ ಈ ಪತ್ರ ನಿಮ್ಮ ಹೆಸರಿಗೆ.

ಒಬ್ಬಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನಲ್ಲಿ ಓದುವವಳು, ಅಜ್ಜನ ಮನೆ ನಮ್ಮೂರು. ನೇರವಾಗಿ ಬಂದು ಕೇಳಿದಳು: "ಮಾಮಾ, ನನಗೆ ಕಾಲೇಜ್ ಅಪ್ಲಿಕೇಶನ್‌ಗೆ ಏನಾದ್ರೂ ಬೇಕು. ಇಲ್ಲಿ ಏನು ಕೆಲಸ ಇದೆ?" ನನಗೆ ಆ ಮಾತೇ ಹಿಡಿಸಿತು. ಅರಿವು ಕೇಂದ್ರಕ್ಕೆ ಕಳಿಸಿದೆ. ಅಲ್ಲಿಯವರು ಅವಳಿಗೆ ಪುಸ್ತಕ ಪಟ್ಟಿ ಮಾಡುವ ಕೆಲಸ ಕೊಟ್ಟರು. ಬೇಜಾರಿನ ಕೆಲಸ, ಧೂಳು. ರಜೆಯಲ್ಲಿ ಬಂದಾಗಲೆಲ್ಲ ಮಾಡಿದಳು. ಆಮೇಲೆ ಸಣ್ಣ ಮಕ್ಕಳಿಗೆ ಗಟ್ಟಿಯಾಗಿ ಕತೆ ಓದಲು ಶುರು ಮಾಡಿದಳು. ಅವಳ ಕನ್ನಡ ಓದು ಕೇಳಿ ಮಕ್ಕಳು ನಕ್ಕು ತಿದ್ದಿದರು, ಅದರಿಂದ ಅವಳ ಕನ್ನಡವೂ ಸುಧಾರಿಸಿತು. ಫಾರ್ಮಿನಲ್ಲಿ ಗ್ರಂಥಾಲಯ ಸಹಾಯಕಿ ಅಂತ ಬರೆದಳಂತೆ. ಸೀಟು ಸಿಕ್ಕಿತಾ? ಒಂದು ಕಡೆ ಸಿಕ್ಕಿತು, ಬೇರೆ ಕೆಲವು ಕಡೆ ಇಲ್ಲ ಅಂದರು. ಅದಕ್ಕೆ ಲೈಬ್ರರಿ ಕಾರಣವೋ ಅವಳ ಮಾರ್ಕ್ಸ್ ಕಾರಣವೋ ಯಾರಿಗೂ ತಿಳಿಯದು. ಪಟ್ಟಿಯಂತೂ ಈಗಲೂ ಬಳಕೆಯಲ್ಲಿದೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಬನ್ನಿ, ಆದರೆ ಜೂನಿನಲ್ಲಿ ಬೇಡ. ದಸರಾ ರಜೆ ಮುಗಿದ ಮೇಲೆ, ನವೆಂಬರಿನಿಂದ ಫೆಬ್ರವರಿವರೆಗೆ ಯಾವಾಗ ಬೇಕಾದರೂ ಬನ್ನಿ. ಮಳೆ ಇರುವುದಿಲ್ಲ, ಪಾಠ ಒಂದು ಹದಕ್ಕೆ ಬಂದಿರುತ್ತದೆ. ಬರುವ ಮೊದಲು ಹೆಡ್ ಮಾಸ್ತರರಿಗೆ ಫೋನ್ ಮಾಡಿ ಏನು ಬೇಕು ಅಂತ ಕೇಳಿ. "ಇದನ್ನು ಕೊಡುತ್ತೇವೆ" ಅಂತ ಶುರು ಮಾಡಬೇಡಿ. ಹಳೆಯ ಯಾವುದಾದರೂ ಟ್ರಸ್ಟಿನವರು ಬಿಟ್ಟುಹೋದ ಕೆಲಸ ಇದ್ದರೆ ಅದನ್ನೇ ಹಿಡಿಯಿರಿ. ನಮ್ಮಲ್ಲಿ ಅಂಥವು ಬೇಕಾದಷ್ಟಿವೆ. ಸದ್ಯಕ್ಕೆ ಶೌಚಾಲಯದ ಚಿಲಕ ಎಸ್‌ಡಿಎಂಸಿಯಿಂದ ಹಾಕಿಸಿದ್ದೇವೆ. ನೀರಿನ ಟ್ಯಾಂಕಿಗೆ ಪೈಪ್ ಬೇಕು. ಏಳನೇ ಕ್ಲಾಸಿನವರಿಗೆ ಲೆಕ್ಕ ಹೇಳಿಕೊಡಲು ವಾರಕ್ಕೊಬ್ಬರು ಬೇಕು, ಫೋನಿನಲ್ಲಾದರೂ ಸರಿ, ಆದರೆ ಬರುವ ಏಪ್ರಿಲ್‌ವರೆಗೆ.

ಅಲ್ಲಿ ಅರ್ಜಿ ಓದುವ ಆಫೀಸಿನವರಿಗೂ ಯಾರಾದರೂ ಇದನ್ನು ಇಂಗ್ಲಿಷಿನಲ್ಲಿ ತಿಳಿಸಿದರೆ ಒಳ್ಳೆಯದು. ಸ್ಥಾಪಕ ಅಂತ ಬರೆದವರ ಅರ್ಜಿ ಬಂದರೆ ಒಂದು ವರ್ಷ ಬಿಟ್ಟು ಆ ಊರಿಗೆ ಒಂದು ಫೋನ್ ಮಾಡಿ. ನಮ್ಮ ಕಡೆಯ ಮಾಸ್ತರುಗಳಿಗೆ ಇಂಗ್ಲಿಷ್ ಸಾಕಷ್ಟು ಬರುತ್ತದೆ.

ಸರ್ಟಿಫಿಕೇಟ್ ಖಂಡಿತ ಕೊಡುತ್ತೇವೆ. ದಪ್ಪ ಕಾಗದದಲ್ಲಿ ನಾನೇ ಪ್ರಿಂಟ್ ಹಾಕುತ್ತೇನೆ, ದುಡ್ಡು ಬೇಡ. ಹೆಡ್ ಮಾಸ್ತರರು ಸಹಿ ಮಾಡಿ ಸೀಲು ಹೊಡೆಯುತ್ತಾರೆ. ಆದರೆ ಎಷ್ಟು ಗಂಟೆ, ಎಷ್ಟು ವಾರ ಅನ್ನುವ ಜಾಗದಲ್ಲಿ ಶಾಲೆಯ ರಿಜಿಸ್ಟರಿನಲ್ಲಿ ಇದ್ದದ್ದೇ ಬರುತ್ತದೆ. ಅದನ್ನು ದೊಡ್ಡದು ಮಾಡಿ ಅಂತ ನನ್ನ ಹತ್ತಿರ ಹೇಳಬೇಡಿ.

ಇಂತಿ,
ಕುಮಟಾ ತಾಲೂಕಿನ ಒಬ್ಬ ಫ್ಲೆಕ್ಸ್ ಅಂಗಡಿಯವ